ಡ್ರಿಲ್ ಮೇಷ್ಟ್ರಿಗೆ ಎಡಕ್ಕೆ ಎಳೆದದ್ದು

ದಾವಣಗೆರೆಯ ನಿಟುವಳ್ಳಿಯ ಬಕ್ಕೇಶಪ್ಪ ಮೇಷ್ಟ್ರು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಅಷ್ಟು ಕಾಲ ಬಿಸಿಲಲ್ಲಿ ನಿಂತು ಕೂಗಿದ್ದರ ಫಲವಾಗಿ ಅವರ ಮಾತಿನಲ್ಲಿ ಕ್ರಿಯಾಪದ ಮಾತ್ರ ಉಳಿದುಕೊಂಡಿತ್ತು. ನಿಲ್ಲು, ತಿರುಗು, ಎತ್ತು, ಇಳಿಸು. ಇಷ್ಟರಲ್ಲೇ ಶಾಲೆಯನ್ನೂ ನಡೆಸಿದ್ದರು, ಸಂಸಾರವನ್ನೂ ನಡೆಸಿದ್ದರು. ಯಾರು, ಯಾವುದು, ಯಾತಕ್ಕೆ ಎಂಬ ವಿವರಗಳನ್ನು ಕೇಳುವವರೇ ಊಹಿಸಿಕೊಳ್ಳಬೇಕು. ಅವರು "ಕೆಟ್ಟೈತೆ" ಎಂದರೆ ಕೆಟ್ಟದ್ದು ಹಾಲೋ, ಮಿಕ್ಸಿಯೋ, ದೇಶವೋ ಎಂದು ಹೆಂಡತಿ ಗುರುಶಾಂತಮ್ಮ ಮುಖ ನೋಡಿ ತೀರ್ಮಾನಿಸುತ್ತಿದ್ದರು. ಆಕೆ ತಪ್ಪಿದ್ದು ಕಡಿಮೆ. ಆದರೆ ಊರಿನವರೆಲ್ಲ ಗುರುಶಾಂತಮ್ಮ ಆಗಲಿಕ್ಕೆ ಬರುತ್ತದೆಯೇ? ಬರದ ಕಾರಣಕ್ಕೇ ಕಳೆದ ಶ್ರಾವಣದಲ್ಲಿ ಆ ಅನಾಹುತ ನಡೆಯಿತು.

ಮೇಷ್ಟ್ರಿಗೆ ಒಂದು ಹೆಮ್ಮೆಯಿತ್ತು. ಅರವತ್ತೆರಡು ತುಂಬಿದರೂ ಬೆನ್ನು ಬಾಗಿಲ್ಲ, ನಡಿಗೆ ಸೊಟ್ಟಗಾಗಿಲ್ಲ. ಇನ್ನೊಂದು ಹೆಮ್ಮೆ ಅವರ ಬಿಳಿ ಮಾರುತಿ ಎಂಟುನೂರರದು. ಮಗಳು ಕೃತಿಕಾ ಎರಡನೇ ಕ್ಲಾಸಿನಲ್ಲಿದ್ದಾಗ ಕೊಂಡ ಗಾಡಿ. ಈಗ ಕೃತಿಕಾಳ ಮಗಳೇ ಯುಕೆಜಿಗೆ ಹೋಗುತ್ತಾಳೆ. ಗಾಡಿ ಮಾತ್ರ ಯಾವ ಕ್ಲಾಸಿನಲ್ಲೂ ಫೇಲಾಗದೆ ಓಡುತ್ತಲೇ ಇತ್ತು. "ನೆಟ್ಟಗೆ ಹೋಗ್ತೈತೆ" ಎಂದು ಮೇಷ್ಟ್ರು ಬೋನೆಟ್ ಒರೆಸುತ್ತ ಹೇಳಿದರೆ ಅದು ಅವರ ಬಾಯಿಂದ ಬರಬಹುದಾದ ದೊಡ್ಡ ಹೊಗಳಿಕೆ.

ಆ ಗಾಡಿ ಒಂದು ದಿನ ಮಳೆ ನಿಂತ ಮೇಲೆ ನೀರು ತುಂಬಿದ ಗುಂಡಿಯೊಂದಕ್ಕೆ ಧಡ್ಡೆಂದು ಬಿತ್ತು. ಎದ್ದಿತು. ಆದರೆ ಎದ್ದಾಗಿನಿಂದ ಎಡಕ್ಕೆ ಎಳೆಯತೊಡಗಿತು. ಸ್ಟೀರಿಂಗನ್ನು ಬಲಕ್ಕೆ ಹಿಡಿದು ಕೂತರೆ ನೆಟ್ಟಗೆ ಹೋಗುತ್ತದೆ, ಕೊಂಚ ಸಡಿಲ ಬಿಟ್ಟರೆ ಕೊಟ್ಟಿಗೆಯ ದಾರಿ ಕಂಡ ಎತ್ತಿನ ಹಾಗೆ ಎಡಕ್ಕೆ.

ಮೇಷ್ಟ್ರ ಬೀದಿಯಲ್ಲಿ ಎಡಕ್ಕಿದ್ದದ್ದು ತೋಟಪ್ಪನ ಹಿಟ್ಟಿನ ಗಿರಣಿ. ಗಿರಣಿ ಎಂದರೆ ಬರೀ ಗಿರಣಿಯಲ್ಲ. ಸುದ್ದಿ ಅಲ್ಲಿ ಒಂದು ಕಡೆಯಿಂದ ಕಾಳಾಗಿ ಹೋಗಿ ಇನ್ನೊಂದು ಕಡೆ ನುಣ್ಣಗೆ ಹಿಟ್ಟಾಗಿ ಬೀಳುತ್ತಿತ್ತು. ಅಂದು ಸಂಜೆ ಮೇಷ್ಟ್ರು ಮೂಗಿನ ತುರಿಕೆಗೆ ಒಂದು ಕೈ ಎತ್ತಿದ್ದೇ ತಡ, ಗಾಡಿ ಗಿರಣಿಯ ಮುಂದೆ ಸಾಲಾಗಿಟ್ಟಿದ್ದ ಜೋಳದ ಡಬ್ಬಿಗಳ ಮೇಲೆ ಹೋಯಿತು. ಏಳು ಡಬ್ಬಿ ಉರುಳಿದವು. ಎಂಟನೆಯದನ್ನು ತೋಟಪ್ಪನೇ ಎದೆಗವಚಿಕೊಂಡು ಉಳಿಸಿದ.

"ಏನ್ ಮೇಷ್ಟ್ರೆ ಇದು! ನೋಡ್ಕೊಂಡು ಬರಬಾರ್ದಾ?"

"ಎಳೀತೈತೆ" ಎಂದರು ಮೇಷ್ಟ್ರು.

"ಏನು?"

"ಎಡಕ್ಕೆ."

ತೋಟಪ್ಪ ಅವರ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿದ. ಜೋಳ ತುಂಬಲು ಬಾಗಿದ.

ಮರುದಿನ ಮೇಷ್ಟ್ರು ಪಿ.ಬಿ. ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ವ್ಹೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋದರು. ಅಲ್ಲಿನ ಆಪರೇಟರ್ ಕೊಟ್ರೇಶ್ ಎದೆಯ ಮೇಲೆ ಹೆಸರು ಹೊಲಿಸಿಕೊಂಡಿದ್ದ ಕೆಂಪು ಅಂಗಿಯವನು. ಮಾರುತಿಯ ನಾಲ್ಕೂ ಚಕ್ರಕ್ಕೆ ಕನ್ನಡಿಯಂಥ ಹಲಗೆ ಕಟ್ಟಿದ. ಎದುರಿನ ಪರದೆಯಲ್ಲಿ ಗಾಡಿಯ ಚಿತ್ರ ಮೂಡಿತು. ಪಕ್ಕದಲ್ಲಿ ಅಂಕಿಗಳು, ಕೆಲವು ಕೆಂಪು, ಕೆಲವು ಹಸಿರು. ಕೊಟ್ರೇಶ್ ಗಾಡಿಯ ಅಡಿಗೆ ಹೋಗಿ ಸ್ಪ್ಯಾನರ್ ತಿರುವಿದ. ಕೆಂಪೆಲ್ಲ ಹಸಿರಾಯಿತು. ಪ್ರಿಂಟರ್ ಗರ್ ಎಂದು ಒಂದು ಹಾಳೆ ಉಗುಳಿತು.

"ತಗೋರಿ ಸರ್. ಗಾಡಿ ಪರ್ಫೆಕ್ಟ್."

"ಓಡಿಸಿ ನೋಡು."

"ಯಾಕ್ ಸರ್? ಹಸ್ರು ಬಂದೈತಲ್ಲ. ಇದು ಲೇಸರ್ರು. ರಸ್ತೆ ಸುಳ್ಳು ಹೇಳಬೋದು, ಲೇಸರ್ ಹೇಳಲ್ಲ."

ಮೇಷ್ಟ್ರು ಹಾಳೆಯನ್ನು ಮಡಿಚಿ ಜೇಬಿಗಿಟ್ಟು ಹೊರಟರು. ಜಯದೇವ ಸರ್ಕಲ್ ಮುಟ್ಟುವಷ್ಟರಲ್ಲಿ ಗಾಡಿ ಎರಡು ಸಲ ಎಡಕ್ಕೆ ಹೋಗಿ ಬಂದಿತ್ತು. ತಿರುಗಿ ಅಂಗಡಿಗೆ ಬಂದರು. ಮತ್ತೆ ಹಲಗೆ, ಮತ್ತೆ ಪರದೆ, ಮತ್ತೊಂದು ಹಾಳೆ. ಈ ಸಲ ಮೊದಲಿಂದಲೇ ಎಲ್ಲ ಹಸಿರು.

ಕೊಟ್ರೇಶ್ ಕೈ ಒರೆಸಿಕೊಳ್ಳುತ್ತ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದ. ಬಹಳ ಮೃದುವಾಗಿ ಕೇಳಿದ: "ಸರ್, ತಪ್ಪು ತಿಳ್ಕೊಬ್ಯಾಡ್ರಿ. ಗಾಡೀದು ಏನೂ ಇಲ್ಲ. ನಿಮ್ದು ಒಂದ್ಸಲ ತೋರಿಸ್ಕೊಳ್ರಿ. ವಯಸ್ಸಾದ ಮ್ಯಾಲೆ ಒಂದು ಕೈ ಜಾಸ್ತಿ ಎಳೀತೈತಂತೆ. ನಮ್ಮ ಅಜ್ಜಗೂ ಹಿಂಗೇ ಶುರುವಾಗಿದ್ದು."

ಅಜ್ಜ ಈಗ ಹೇಗಿದ್ದಾರೆ ಎಂದು ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ.

ಅಲ್ಲಿಂದ ಬರುತ್ತ ಹಿಂದಿನ ದಿನದ ಡಬ್ಬಿಗಳಿಗೆ ಕ್ಷಮೆ ಕೇಳೋಣವೆಂದು ಗಿರಣಿಯ ಮುಂದೆ ಗಾಡಿ ನಿಲ್ಲಿಸಿದರು. ಒಳಗೆ ಕಾಲಿಡುವಾಗ ಗುರುಶಾಂತಮ್ಮನ ಫೋನು ಬಂತು. ಗಿರಣಿಯ ಸದ್ದಿಗೆ ಮೇಷ್ಟ್ರು ಮೈದಾನದ ದನಿಯಲ್ಲಿ ಮಾತಾಡಿದರು.

"ಹ್ಞೂ, ಎಡಕ್ಕೇ! ಎಳೀತೈತೆ! ನೆಟ್ಟಗಾಗವಲ್ದು! ಕಂಪ್ಯೂಟ್ರನಾಗೆ ನೋಡಿದ್ರು. ಏನೂ ಕಾಣಲ್ಲಂತೆ! ಎರಡ್ಸಲ ಮಾಡ್ಸಿದ್ದಾತು! ಏನ್ಮಾಡೋದು, ಹಳೇದಾತಲ್ಲ!"

ತೋಟಪ್ಪ ಕಾಳು ಸುರಿಯುತ್ತಿದ್ದ ಕೈ ತಡೆದ. ಹಿಟ್ಟಿಗೆ ಕಾದು ನಿಂತಿದ್ದ ನಾಲ್ವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಂಪ್ಯೂಟರ್ ಎಂದರೆ ಸ್ಕ್ಯಾನು. ಎರಡು ಸಲ ಸ್ಕ್ಯಾನ್ ಆಗಿದೆ. ಎಡಕ್ಕೆ ಎಳೆದಿದೆ. ಇನ್ನೇನು ಬೇಕು? ಲಕ್ವ!

ಮೇಷ್ಟ್ರು "ತಪ್ಪಾತು ತೋಟಪ್ಪ" ಎಂದು ಬೆನ್ನು ತಟ್ಟಿ ಹೋದರು. ಹಿಂದಿನಿಂದ ನೋಡಿದ ಒಬ್ಬ ಹೆಂಗಸು ಎಡಗಾಲು ಸ್ವಲ್ಪ ಎಳೆದಂತಿತ್ತು ಎಂದಳು. ಇನ್ನೊಬ್ಬಳು ಸ್ವಲ್ಪವಲ್ಲ, ಬಹಳ ಎಂದಳು. ಸುದ್ದಿ ಗಿರಣಿಯಿಂದ ಹೊರಬಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಕುಕ್ಕುವಾಡದಲ್ಲಿದ್ದ ಮೇಷ್ಟ್ರ ಅಕ್ಕ ಉಚ್ಚೆಂಗೆಮ್ಮನ ಅಡುಗೆಮನೆಯವರೆಗೆ ಹೋಗಿತ್ತು.

ಇತ್ತ ಮೇಷ್ಟ್ರು ಸಂಜೆ ಮತ್ತೊಮ್ಮೆ ಪರೀಕ್ಷಿಸೋಣವೆಂದು ಗಾಡಿ ತೆಗೆದರು. ಗಾಂಧಿ ಸರ್ಕಲ್ ಹತ್ತಿರ ಟ್ರಾಫಿಕ್ ಎಎಸ್‌ಐ ಒಬ್ಬ ಕೈ ಅಡ್ಡ ಹಿಡಿದ. ಹೆಸರು ಜುಬೇರ್, ಮೇಷ್ಟ್ರ ಹಳೇ ಶಿಷ್ಯ. ಕಿಟಕಿಗೆ ಬಗ್ಗಿ ನೋಡಿದವನೇ ಸಟಕ್ಕನೆ ಸೆಲ್ಯೂಟ್ ಹೊಡೆದ. ಕೈ ಇಳಿಸುವಷ್ಟರಲ್ಲಿ ಕರ್ತವ್ಯ ನೆನಪಾಯಿತು.

"ಸರ್... ನೀವಾ? ಗಾಡಿ ಆ ಕಡೆ ಈ ಕಡೆ ಆಡ್ತಾ ಬಂತಲ್ಲ ಸರ್. ಒಂದು... ಒಂದು ಸಲ ಊದ್ತೀರಾ?"

ಮೇಷ್ಟ್ರು ಮೂವತ್ತಮೂರು ವರ್ಷ ವಿಷಲ್ ಊದಿದ ಪುಪ್ಪುಸದಿಂದ ಊದಿದರು. ಯಂತ್ರ ಜುಬೇರ್ ಕೈಯಿಂದ ಜಾರಿ ಹೋಗಲಿಲ್ಲ ಅಷ್ಟೆ. ಸೊನ್ನೆ ತೋರಿಸಿತು. ಜುಬೇರ್‌ಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

"ಕುಡಿದಿಲ್ಲ ಅಂದ ಮ್ಯಾಲೆ..." ಎಂದು ತಡವರಿಸಿದ. "ಸರ್, ಏನಾತು? ಆರಾಮ ಇಲ್ವಾ?"

"ಎಳೀತೈತೆ."

"ಎಲ್ಲಿ ಸರ್?"

"ಎಡಕ್ಕೆ."

ಜುಬೇರ್ ಕಣ್ಣಲ್ಲಿ ನೀರು ಬಂತು. "ಸರ್, ಮಾತಾಡಬ್ಯಾಡ್ರಿ. ಆಯಾಸ ಆಗ್ತೈತೆ. ನಿಧಾನ ಬರ್ರಿ, ನಾನು ಎಡಗಡೆ ಇರ್ತೀನಿ" ಎಂದು ತನ್ನ ಮೋಟರ್ ಬೈಕನ್ನು ಮಾರುತಿಯ ಎಡಮಗ್ಗುಲಿಗೆ ತಂದ. ದಾರಿಯುದ್ದ ಗಾಡಿ ಅವನ ಮೇಲೇ ಬರುತ್ತಿತ್ತು. ಅವನು ಪ್ರತಿ ಸಲವೂ ಚರಂಡಿಯ ಅಂಚಿಗೆ ಹೋಗಿ, ಬದುಕಿ, ಮತ್ತೆ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದ. ಗುರುಭಕ್ತಿ ಅಂದರೆ ಅದು. ಬೈಕಿನ ಕೆಂಪು ದೀಪ ಮಿನುಗಿಸುತ್ತ ಪೊಲೀಸರು ಮೇಷ್ಟ್ರನ್ನು ಗಿರಣಿಯ ಮುಂದಿನಿಂದಲೇ ಮನೆಗೆ ಕರೆತಂದದ್ದು ತೋಟಪ್ಪನ ಕಣ್ಣಿಗೆ ಬಿತ್ತು. ಅನುಮಾನ ಎಂಬುದೇನಾದರೂ ಉಳಿದಿದ್ದರೆ ಅಂದು ಅದೂ ಹಿಟ್ಟಾಯಿತು.

ಮನೆಯ ಮುಂದೆ ಆಗಲೇ ಕುಕ್ಕುವಾಡದ ಆಟೋ ನಿಂತಿತ್ತು. ಉಚ್ಚೆಂಗೆಮ್ಮ ಒಂದು ಚೀಲ ಎಳನೀರು, ಒಂದು ಬಾಟಲಿ ಎಣ್ಣೆ, ಇಬ್ಬರು ಓರಗಿತ್ತಿಯರ ಸಮೇತ ಬಂದಿಳಿದಿದ್ದಳು. ಗಾಡಿಯಿಂದ ತಮ್ಮ ಇಳಿಯುವುದನ್ನು ಕಂಡು ಗೇಟಿನಲ್ಲೇ ದನಿ ತೆಗೆದಳು.

"ಅಯ್ಯೋ ನನ್ನ ತಮ್ಮಾ! ಕಂಬ ಇದ್ದಂಗಿದ್ಯಲ್ಲೋ! ಯಾರ ಕಣ್ಣು ಬಿತ್ತೋ!"

"ಏನಾತಕ್ಕ?"

"ನನ್ನ ಏನ್ ಕೇಳ್ತೀ? ಬಾ ಇಲ್ಲಿ. ನಗು."

"ಯಾಕ?"

"ನಗು ಅಂದ್ರೆ ನಗು! ಬಾಯಿ ಸೊಟ್ಟ ಹೋಗೈತಾ ನೋಡಬೇಕು."

ಮೂವತ್ತಮೂರು ವರ್ಷ ಬೇರೆಯವರಿಗೆ ಅಪ್ಪಣೆ ಕೊಟ್ಟ ಮನುಷ್ಯ ಗೇಟಿನಲ್ಲಿ ನಿಂತು ನಕ್ಕರು. ಅಕ್ಕ "ಕೈ ಎತ್ತು" ಎಂದಳು, ಎತ್ತಿದರು. "ಇಳಿಸು" ಎಂದಳು, ಇಳಿಸಿದರು. "ಒಂದೇ ಕಾಲಾಗೆ ನಿಲ್ಲು" ಎಂದಳು, ನಿಂತರು. ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಗಲ್ಲವಿಟ್ಟು ನೋಡಿದರು. ಎಲ್ಲವೂ ಸರಿಯಾಗಿತ್ತು. ಎಡಗೈ ಬಲಗೈಗಿಂತ ಕೂದಲಷ್ಟು ತಡವಾಗಿ ಎದ್ದಿತು ಎಂದು ಒಬ್ಬ ಓರಗಿತ್ತಿ ಹೇಳಿದಳು. ಅಷ್ಟು ಸಾಕಾಯಿತು.

"ನನಗಲ್ಲ! ಗಾಡಿಗೆ! ಗಾಡಿಗೆ!" ಎಂದು ಮೇಷ್ಟ್ರು ಕೂಗಿದರು. ಅವರ ಜೀವಮಾನದಲ್ಲಿ ಅದೊಂದು ಅಪರೂಪದ ವಾಕ್ಯ, ಯಾರಿಗೆ ಎಂಬುದು ಅದರಲ್ಲಿತ್ತು.

"ಪಾಪ, ಏನೇನೋ ಮಾತಾಡ್ತಾನೆ" ಎಂದು ಉಚ್ಚೆಂಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರುಶಾಂತಮ್ಮ ಮುಂದೆ ಬಂದು ವಿಷಯ ಬಿಡಿಸಿ ಹೇಳಬಹುದಿತ್ತು. ಹೇಳಲು ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಅಳಿಯ ವೀರೇಶ್ ಬಂದ. ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಕಾಗದದಲ್ಲಿ ಬರೆದದ್ದನ್ನು ಬಿಟ್ಟು ಬೇರೆ ಏನನ್ನೂ ನಂಬುವವನಲ್ಲ. ಗಾಡಿ ಪರೀಕ್ಷೆಗೆ ಹೋದದ್ದನ್ನು ಅತ್ತೆ ಫೋನಿನಲ್ಲಿ ಹೇಳಿದ್ದರು.

"ಮಾವಾರೆ, ಗಾಡಿ ಅಲೈನ್‌ಮೆಂಟ್ ರಿಪೋರ್ಟ್ ಕೊಡ್ರಿ ನೋಡೋಣ."

ಮೇಷ್ಟ್ರು ಜೇಬಿನಿಂದ ಎರಡು ಹಾಳೆ ತೆಗೆದುಕೊಟ್ಟರು. ವೀರೇಶ್ ಅವನ್ನು ಎತ್ತಿ ಹಿಡಿದು ಓದಿದ. ಎಲ್ಲ ಹಸಿರು. ಅವನು ಹಾಳೆಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಗಾಡಿ ನೂರಕ್ಕೆ ನೂರು ಸರಿ ಐತೆ ಅತ್ತೆ. ಹಂಗಾದ್ರೆ ಸರಿ ಇಲ್ಲದ್ದು..." ಎಂದು ಮಾತು ಅರ್ಧಕ್ಕೆ ಬಿಟ್ಟ. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಗುರುಶಾಂತಮ್ಮನೂ ತಿರುಗಿದರು. ಗಂಡನ ಮುಖ ಓದುವುದರಲ್ಲಿ ನಿಸ್ಸೀಮಳಾದ ಆಕೆಗೂ ಅಂದು ಹಸಿರು ಹಾಳೆಯ ಮುಂದೆ ಕಣ್ಣು ಮಂಜಾಯಿತು.

"ಒಂದ್ಸಲ ನೀವೇ ಓಡಿಸಿ ನೋಡ್ರಿ ಅಳಿಯಂದ್ರೆ" ಎಂದರು ಮೇಷ್ಟ್ರು.

ವೀರೇಶ್ ಗಂಟಲು ಸರಿಮಾಡಿಕೊಂಡ. ಅವನು ಕಲಿತದ್ದು ಆಟೋಮ್ಯಾಟಿಕ್ ಕಾರು. ಎಡಗಾಲಿಗೂ ಕೆಲಸವಿರುವ ಗಾಡಿಯನ್ನು ಅವನು ಮುಟ್ಟಿದವನಲ್ಲ. ಅದನ್ನು ಇಷ್ಟು ಜನರ ಮುಂದೆ ಹೇಳಿಕೊಳ್ಳಲಾರದೆ, "ರಿಪೋರ್ಟ್ ಇರುವಾಗ ಓಡಿಸೋದು ಯಾತಕ್ಕೆ?" ಎಂದ. ಕೀಲಿಯನ್ನು ತನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಇನ್ನು ಮಾವ ಸ್ಟೀರಿಂಗ್ ಹಿಡಿಯುವಂತಿಲ್ಲ, ಹಳೇ ಗಾಡಿ ಗುಜರಿಗೆ ಕೊಳ್ಳುವವರು ಗೊತ್ತಿದ್ದಾರೆ, ಭಾನುವಾರ ಬೆಳಿಗ್ಗೆ ಬಂದು ಎಳೆದುಕೊಂಡು ಹೋಗುತ್ತಾರೆ ಎಂದು ತೀರ್ಪು ಕೊಟ್ಟ. ಅಂದು ಗುರುವಾರ.

ಅಂದಿನಿಂದ ಮೇಷ್ಟ್ರ ಬಾಳು ಬೇರೆಯಾಯಿತು. ಉಚ್ಚೆಂಗೆಮ್ಮ ಎರಡು ಹೊತ್ತು ಎಡಗೈಗೆ ಎಣ್ಣೆ ತಿಕ್ಕಿದಳು. ನೋಡಲು ಬಂದವರು ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಮಾತಾಡಿದರು. ತೋಟಪ್ಪ ಬಂದು, "ಎಂಟೂ ಡಬ್ಬಿ ಕೆಡವಿದ್ರೂ ನಾನು ಬೈತಿರ್ಲಿಲ್ಲ ಮೇಷ್ಟ್ರೆ, ಗೊತ್ತಿರ್ಲಿಲ್ಲ" ಎಂದು ಕೈ ಹಿಡಿದುಕೊಂಡ. ಇದೆಲ್ಲವನ್ನೂ ಮೇಷ್ಟ್ರು ಸಹಿಸಿದರು. ಆದರೆ ಶುಕ್ರವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಒಬ್ಬರೇ ನೇರ ನಡೆದು ನೋಡಿದರು. ಆ ತುದಿಯಿಂದ ಈ ತುದಿಗೆ. ಎರಡನೇ ಸಲ ಬರುವಾಗ ಭುಜ ಎಡಗಡೆಯ ಸೀರೆಗೆ ತಾಗಿತು. ಗಾಳಿಗೆ ಸೀರೆಯೇ ಬಂದು ತಾಗಿತೋ, ತಾವೇ ಸೀರೆಯ ಕಡೆ ಹೋದರೋ ತಿಳಿಯಲಿಲ್ಲ. ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಗಾಡಿ ಹೋದರೆ ಹೋಗಲಿ. ಆದರೆ ನಿಜವಾಗಿಯೂ ತಮಗೇ ಬಂದಿದ್ದರೆ?

ಶನಿವಾರ ಬೆಳಿಗ್ಗೆ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾ. ಮಹೀನ್ ಹೆಚ್ಚು ಮಾತಿಲ್ಲದ, ನಡುವಯಸ್ಸಿನ ಹೆಂಗಸು. ಜೊತೆಗೆ ಬಂದ ಏಳು ಜನರನ್ನು ಹೊರಗೆ ಕೂಡಿಸಿ ಮೇಷ್ಟ್ರನ್ನೊಬ್ಬರನ್ನೇ ಒಳಗೆ ಕರೆದರು. ಬಿಪಿ ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಹೊಡೆದರು, ಎರಡೂ ಕೈಯಿಂದ ತಮ್ಮ ಬೆರಳು ಹಿಸುಕಲು ಹೇಳಿ ನೋವಾಗಿ ಬಿಡಿಸಿಕೊಂಡರು. ನೆಲದ ಟೈಲ್ಸಿನ ಗೆರೆಯ ಮೇಲೆ ನಡೆಸಿದರು. ಮೇಷ್ಟ್ರು ಗಣರಾಜ್ಯೋತ್ಸವದ ಪಥಸಂಚಲನದ ಹಾಗೆ ನಡೆದು, ಗೋಡೆ ಬಂದಾಗ ತಾವೇ ಹಿಂದೆ ತಿರುಗಿ ಬಂದರು.

"ಏನೂ ಇಲ್ಲವಲ್ಲ ಮೇಷ್ಟ್ರೆ. ಏನು ತೊಂದರೆ ಅಂತ ಬಂದ್ರಿ?"

"ಎಡಕ್ಕೆ ಎಳೀತೈತೆ."

"ಯಾವಾಗೆಲ್ಲ?"

"ಓಡಿಸುವಾಗ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೂರು ದಿನದಿಂದ ಇಡೀ ನಿಟುವಳ್ಳಿಯಲ್ಲಿ, ಕುಕ್ಕುವಾಡದಲ್ಲಿ, ಪೊಲೀಸ್ ಇಲಾಖೆಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದನ್ನು ಕೇಳಿದರು.

"ಯಾರು ಎಳೆಯೋದು? ನೀವಾ, ಗಾಡಿನಾ?"

"ಗಾಡಿ!" ಎಂದರು ಮೇಷ್ಟ್ರು. "ಮಾರುತಿ ಎಂಟುನೂರು. ಗುಂಡಿಗೆ ಬಿದ್ದಾಗಿಂದ. ಕಂಪ್ಯೂಟ್ರು ಸರಿ ಐತೆ ಅಂತೈತೆ. ಎಲ್ಲರೂ ನನಗೇ ಬಂದೈತೆ ಅಂತಾರೆ."

ಡಾ. ಮಹೀನ್ ನಗಲಿಲ್ಲ. ಅವರ ಮನೆಯಲ್ಲೂ ತಂದೆಯ ಕಾಲದ ಒಂದು ಹಳೇ ಗಾಡಿಯಿತ್ತು. ಔಷಧಿ ಬರೆಯುವ ಚೀಟಿ ಎಳೆದುಕೊಂಡು ಎರಡು ಸಾಲು ಬರೆದರು. "ನಿಮಗೆ ಔಷಧಿ ಬೇಕಿಲ್ಲ. ಹರಿಹರಕ್ಕೆ ಹೋಗ್ರಿ. ಹಳೇ ಬಸ್‌ಸ್ಟ್ಯಾಂಡ್ ಹಿಂದೆ ಮಸ್ತಾನಸಾಬ್ ಅಂತ. ನನ್ನ ಗಾಡಿ ಅವರೇ ನೋಡೋದು."

ಮೇಷ್ಟ್ರು ಚೀಟಿ ಹಿಡಿದು ಹೊರಬಂದರು. ಉಚ್ಚೆಂಗೆಮ್ಮ "ಏನಂದ್ರು?" ಎಂದಳು.

"ಹರಿಹರಕ್ಕೆ ಹೋಗ್ಬೇಕಂತೆ. ಮಸ್ತಾನಸಾಬ್ ನೋಡ್ತಾರಂತೆ."

ಉಚ್ಚೆಂಗೆಮ್ಮನ ಮುಖ ಅರಳಿತು. "ಹ್ಞಾ! ನಾ ಹೇಳ್ಲಿಲ್ಲಾ? ಇಂಥದಕ್ಕೆ ಇಂಗ್ಲಿಷ್ ಔಷಧಿ ನಾಟಲ್ಲ. ಸಾಬರ ಕೈಗುಣ ಬೇಕು. ಡಾಕ್ಟ್ರೇ ಕಳಿಸ್ತಾರೆ ಅಂದ್ರೆ ಎಂಥ ಹಕೀಮ ಇರಬೇಕು!" ಎಂದು ಹೇಳಿ, ಊರಿನಲ್ಲಿ ಎಮ್ಮೆ ಕರೆಯುವವರಿಲ್ಲವೆಂದು ಓರಗಿತ್ತಿಯರೊಂದಿಗೆ ನೆಮ್ಮದಿಯಿಂದ ಕುಕ್ಕುವಾಡದ ಆಟೋ ಹತ್ತಿದಳು. ವೀರೇಶ್ ಫ್ಯಾಕ್ಟರಿಗೆ ಹೋದ. ಮಾವ ಅತ್ತೆ ಬಸ್ಸಿನಲ್ಲಿ ಹೋಗುತ್ತಾರೆಂದೇ ಅವನು ತಿಳಿದಿದ್ದ.

ಮನೆಗೆ ಬಂದ ಮೇಲೆ ಗುರುಶಾಂತಮ್ಮ ಚೀಟಿಯನ್ನು ತಾವೇ ಓದಿದರು. 'ಮಸ್ತಾನಸಾಬ್, ಕಾರ್ ಮೆಕ್ಯಾನಿಕ್, ಹರಿಹರ. ರೋಗಿ: ಮಾರುತಿ 800' ಎಂದಿತ್ತು. ಆಕೆ ಚೀಟಿ ನೋಡಿದರು, ಗಂಡನ ಮುಖ ನೋಡಿದರು. ದೇವರ ಮನೆಗೆ ಹೋಗಿ ವಿಭೂತಿ ಗಟ್ಟಿಯ ಡಬ್ಬಿಯಿಂದ ಗಾಡಿಯ ಇನ್ನೊಂದು ಕೀಲಿ ತೆಗೆದು ತಂದರು.

"ನಡೀರಿ."

"ಎಡಕ್ಕೆ..."

"ಗೊತ್ತೈತೆ. ನಾನು ಹೇಳ್ತಾ ಬರ್ತೀನಿ."

ದಾವಣಗೆರೆಯಿಂದ ಹರಿಹರ ಎಷ್ಟು ದೂರ? ಹದಿನೈದು ಕಿಲೋಮೀಟರಿನ ಒಳಗೆ. ಆ ದಾರಿಯನ್ನು ಅವರು ಒಂದೂವರೆ ತಾಸು ಹಿಡಿದರು. ಹಿಂದಿನಿಂದ ಬಂದ ಎತ್ತಿನ ಗಾಡಿಯೊಂದು ದಾರಿ ಕೇಳಿ ಮುಂದೆ ಹೋಯಿತು. ಪಕ್ಕದ ಸೀಟಿನಲ್ಲಿ ಗುರುಶಾಂತಮ್ಮ ಕಣ್ಣು ಮಿಟುಕಿಸದೆ "ಬಲಕ್ಕೆ... ಬಲಕ್ಕೆ... ಶಿವಾ ಶಿವಾ... ಬಲಕ್ಕೆ" ಎಂದು ಜಪಿಸುತ್ತಿದ್ದರು. ಹರಿಹರ ಬರುವಷ್ಟರಲ್ಲಿ ಮೇಷ್ಟ್ರ ಬಲತೋಳು ಬಿದ್ದುಹೋಗಿತ್ತು, ಆಕೆಯ ದನಿ ಬಿದ್ದುಹೋಗಿತ್ತು.

ಮಸ್ತಾನಸಾಬ್ ಎಪ್ಪತ್ತರ ಮುದುಕ. ಒಂದು ಕಾಲಕ್ಕೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಈಗ ತಗಡಿನ ಶೆಡ್ಡಿನಲ್ಲಿ ಒಬ್ಬರೇ ಕೆಲಸ ಮಾಡುತ್ತಿದ್ದರು. ಪರದೆಯಿಲ್ಲ, ಪ್ರಿಂಟರಿಲ್ಲ. ಗೋಡೆಯ ಮೊಳೆಗೆ ಒಂದು ಉಂಡೆ ನೈಲಾನ್ ದಾರ, ಒಂದು ಉಕ್ಕಿನ ಅಡಿಪಟ್ಟಿ.

"ಬರ್ರಿ, ಕೂಡ್ರಿ. ಏನ್ ತ್ರಾಸು?"

ಮೇಷ್ಟ್ರು ಹಸಿರು ಹಾಳೆಗಳನ್ನು ಮುಂದೆ ಹಿಡಿದರು. ಮಸ್ತಾನಸಾಬ್ ಅವುಗಳನ್ನು ತೆಗೆದುಕೊಂಡು, ಮರ್ಯಾದೆಯಿಂದ ಬೆಂಚಿನ ಮೇಲಿಟ್ಟು, ಹಾರದಂತೆ ಅವುಗಳ ಮೇಲೆ ಒಂದು ನಟ್ಟು ಇಟ್ಟರು.

"ಇದು ಆಮ್ಯಾಲೆ ಓದೋಣ. ಕೀಲಿ ಕೊಡ್ರಿ, ಮೊದ್ಲು ಓಡಿಸ್ತೀನಿ."

ಮೇಷ್ಟ್ರು ಪಕ್ಕದಲ್ಲಿ, ಗುರುಶಾಂತಮ್ಮ ಹಿಂದೆ. ಗಾಡಿ ರಸ್ತೆಗೆ ಬಂತು. ಎದುರಿಗೆ ಯಾರೂ ಇಲ್ಲದ ಕಡೆ ಮಸ್ತಾನಸಾಬ್ ಸ್ಟೀರಿಂಗಿನ ಹಿಡಿತ ಸಡಿಲಿಸಿದರು. ಮಾರುತಿ ಒಂದು ಕ್ಷಣ ಯೋಚಿಸಿ ಎಡಕ್ಕೆ ಹೊರಟಿತು.

"ಹೌದು" ಎಂದರು ಮಸ್ತಾನಸಾಬ್. "ಎಳೀತೈತೆ."

ಮೇಷ್ಟ್ರು ಉಸಿರು ಬಿಗಿಹಿಡಿದು ಕೇಳಿದರು: "ನಿಮಗೂ?"

"ನನಗೂ ಅಂದ್ರೆ? ಯಾರು ಕೂತ್ರೂ ಎಳೀತೈತೆ. ಬಾಳ ಎಳೀತೈತೆ!"

ಅಷ್ಟು ಸಿಹಿಯಾದ ಮಾತನ್ನು ಮೇಷ್ಟ್ರು ತಮ್ಮ ಮದುವೆಯ ದಿನವೂ ಕೇಳಿರಲಿಲ್ಲ. "ಇನ್ನೊಂದ್ಸಲ ಹೇಳ್ರಿ" ಎಂದರು. ಮುದುಕ ಇನ್ನೊಂದು ಸಲ ಹೇಳಿದರು. ಹಿಂದಿನ ಸೀಟಿನಲ್ಲಿ ಗುರುಶಾಂತಮ್ಮ ಜೋರಾಗಿ ಮೂಗು ಸೀನಿಕೊಂಡ ಸದ್ದು ಕೇಳಿಸಿತು.

ಶೆಡ್ಡಿಗೆ ಮರಳಿದ ಮೇಲೆ ಮಸ್ತಾನಸಾಬ್ ನಾಲ್ಕೂ ಚಕ್ರದ ಗಾಳಿ ನೋಡಿದರು. ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಿ ಮತ್ತೆ ಓಡಿಸಿದರು. ಆಗಲೂ ಎಡಕ್ಕೇ. ಟೈರಿನದೂ ತಪ್ಪಲ್ಲ ಎಂದಾಯಿತು. ಆಮೇಲೆ ಎಡ ಮುಂಗಾಲಿಗೆ ಜಾಕ್ ಕೊಟ್ಟು, ಚಕ್ರದ ಹಿಂದೆ ಒಂದು ಕಬ್ಬಿಣದ ಸಲಾಕೆ ತೂರಿಸಿ ಮೀಟಿದರು. ಕಟಕ್ ಎಂದಿತು.

"ಸಿಕ್ತು! ಇಲ್ಲಿ ನೋಡ್ರಿ ಮೇಷ್ಟ್ರೆ. ಈ ತೋಳು ಚಕ್ರಾನ ಹಿಡ್ಕೊಂಡಿರ್ತೈತೆ. ತೋಳಿನ ಬುಡದಾಗೆ ಒಂದು ರಬ್ಬರ್ ಬುಶ್ಶು. ಅದು ಸವೆದು ಚೂರು ಚೂರು ಆಗೈತೆ. ಗಾಡಿ ನಿಂತಾಗ ಚಕ್ರ ತನ್ನ ಜಾಗದಾಗೇ ಇರ್ತೈತೆ. ಓಡಾಕೆ ಹತ್ತಿದ್ರೆ ಹಿಂದಕ್ಕೆ ಸರೀತೈತೆ. ಕಂಪ್ಯೂಟ್ರು ನೋಡಿದ್ದು ನಿಂತ ಗಾಡೀನ. ಅದರದ್ದೂ ತಪ್ಪಿಲ್ಲ ಬಿಡ್ರಿ."

ಮೇಷ್ಟ್ರಿಗೆ ಇದು ಥಟ್ಟನೆ ಅರ್ಥವಾಯಿತು. "ಪ್ರಾರ್ಥನೆಗೆ ನಿಂತಾಗ ಸಾಲು ನೆಟ್ಟಗೆ, ಕ್ಲಾಸಿಗೆ ನಡೀರಿ ಅಂದ್ರೆ ಚೆಲ್ಲಾಪಿಲ್ಲಿ" ಎಂದರು. ಮಸ್ತಾನಸಾಬ್ "ಸರಿಯಾಗಿ ಹೇಳಿದ್ರಿ" ಎಂದು ಪೇಟೆಗೆ ಹೋಗಿ ಹೊಸ ಬುಶ್ ತಂದು ಎರಡೂ ಕಡೆ ಹಾಕಿದರು.

ಇನ್ನು ಅಲೈನ್‌ಮೆಂಟು. ಮೊಳೆಯ ಮೇಲಿನ ದಾರ ಇಳಿಯಿತು.

"ಅಮ್ಮಾರೆ, ಈ ತುದಿ ಹಿಂದಿನ ಚಕ್ರಕ್ಕೆ ಒತ್ತಿ ಹಿಡೀರಿ. ಮೇಷ್ಟ್ರೆ, ನೀವು ಹೋಗಿ ಸೀಟಿನ ಮ್ಯಾಲೆ ಕೂಡ್ರಿ."

"ನಾನ್ಯಾಕ?"

"ದಿನಾ ಓಡಿಸೋರು ನೀವು. ನಿಮ್ಮ ಭಾರ ಬಿದ್ದಾಗ ಗಾಡಿ ಹೆಂಗೆ ಕೂಡ್ತೈತೋ ಹಂಗೇ ಅಳೀಬೇಕು. ಅಳ್ಳಾಡಬ್ಯಾಡ್ರಿ."

ಬಕ್ಕೇಶಪ್ಪ ಮೇಷ್ಟ್ರಿಗೆ ಅಳ್ಳಾಡಬೇಡ ಎಂದು ಹೇಳಬೇಕೇ? ಎದೆ ಮುಂದೆ, ಗಲ್ಲ ಮೇಲೆ, ಸಾವಧಾನ್ ಆಗಿ ಕೂತರು. ರೆಪ್ಪೆ ಹೊಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಸ್ತಾನಸಾಬ್ ಕಿಟಕಿಯಲ್ಲಿ ಇಣುಕಿ, "ಉಸಿರಾಡ್ರಿ ಮೇಷ್ಟ್ರೆ, ಅದಕ್ಕೇನು ತೂಕ ಕಡಿಮೆ ಆಗಲ್ಲ" ಎಂದರು.

ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಬಿಗಿಯಾಯಿತು. ಗುರುಶಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು, ಮನೆಯ ಹೊಸ್ತಿಲಿಗೆ ರಂಗೋಲಿಯ ಗೆರೆ ಎಳೆಯುವಷ್ಟೇ ಶ್ರದ್ಧೆಯಿಂದ ತುದಿ ಹಿಡಿದಿದ್ದರು. ಮಸ್ತಾನಸಾಬ್ ದಾರಕ್ಕೂ ಟೈರಿಗೂ ನಡುವಿನ ಸಂದನ್ನು ಅಡಿಪಟ್ಟಿಯಿಂದ ಅಳೆದರು. ನಟ್ಟು ಸಡಿಲಿಸಿ ಕಾಲು ಸುತ್ತು ತಿರುವಿದರು. ಮತ್ತೆ ಅಳೆದರು. ಆ ಕಡೆ ಹೋಗಿ ಅರ್ಧ ಸುತ್ತು. ಗಾಡಿಯನ್ನು ಹತ್ತಡಿ ಹಿಂದೆ, ಹತ್ತಡಿ ಮುಂದೆ ತಳ್ಳಿ ಚಕ್ರ ಕೂತುಕೊಳ್ಳಲು ಬಿಟ್ಟು ಮೂರನೇ ಸಲ ಅಳೆದರು.

"ಸಾಬರೆ, ಈ ಕಡೆ ಎಳ್ಳಿನಷ್ಟು ಸಂದು ಜಾಸ್ತಿ ಐತಲ್ಲ?" ಎಂದರು ಗುರುಶಾಂತಮ್ಮ.

ಮಸ್ತಾನಸಾಬ್ ಬಾಗಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. "ಅರೆ, ಹೌದಲ್ಲ! ಅಮ್ಮಾರೆ, ಲೇಸರ್ ನೀವೇ ಇದ್ದೀರಿ" ಎಂದು ಎಳ್ಳಿನಷ್ಟು ತಿರುವಿದರು. ನಟ್ಟು ಬಿಗಿಯಾಯಿತು.

ವಾಪಸು ಬರುವಾಗ ಸ್ಟೀರಿಂಗ್ ಹಿಡಿದದ್ದು ಮೇಷ್ಟ್ರೇ. ಹರಿಹರ ದಾಟಿ ರಸ್ತೆ ನೇರವಾದ ಕಡೆ, ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿ, ಎರಡೂ ಕೈ ಎತ್ತಿಬಿಟ್ಟರು.

"ರೀ, ಹಿಡ್ಕೊಳ್ರೀ!" ಎಂದು ಗುರುಶಾಂತಮ್ಮ ಕಿರುಚಿದರು.

"ನೋಡು."

ಗಾಡಿ ಎಡಕ್ಕೆ ಹೋಗಲಿಲ್ಲ, ಬಲಕ್ಕೆ ಹೋಗಲಿಲ್ಲ. ಮಗ್ಗದ ಮೇಲಿನ ಎಳೆಯ ಹಾಗೆ ನೆಟ್ಟಗೆ ಹೋಯಿತು. ಎರಡೂ ಬದಿಯ ಭತ್ತದ ಗದ್ದೆಗಳು ಸುಮ್ಮನೆ ತಮ್ಮ ಪಾಡಿಗೆ ಹಿಂದೆ ಸರಿದವು. ಮೇಷ್ಟ್ರು ಕೈ ಇಳಿಸಿ, ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದರು.

"ಗಾಡಿಗೇ ಬಂದಿತ್ತು" ಎಂದರು ಮೇಷ್ಟ್ರು.

"ಹ್ಞೂ."

"ನನಗೆ ಬಂದಿರಲಿಲ್ಲ."

"ಇಲ್ಲ ಬಿಡ್ರಿ" ಎಂದು ಗುರುಶಾಂತಮ್ಮ ನಕ್ಕರು, ನಗುತ್ತ ಅತ್ತರು. "ಆ ಹಾಳೆ ನೋಡಿ ನಾನೂ ನಂಬಿಬಿಟ್ಟಿದ್ದೆ. ಎರಡು ದಿನದಿಂದ ನೀವು ನಿದ್ದೆ ಮಾಡುವಾಗ ಬಾಯಿ ಕಡೆ ನೋಡ್ತಿದ್ದೆ." ಮತ್ತೆ ಮುಖ ಒರೆಸಿಕೊಂಡು ಅಳಿಯನಿಗೆ ಫೋನು ಹಚ್ಚಿದರು. "ವೀರೇಶ್, ನಾಳೆ ಗುಜರಿಯವ್ರಿಗೆ ಬರಬ್ಯಾಡ ಅನ್ರಿ. ಬಂದ್ರೆ ನನ್ನ ಮಾತಾಡ್ಸಬೇಕಾಗ್ತೈತೆ." ಅತ್ತಲಿಂದ ರಿಪೋರ್ಟ್ ಎಂಬ ಶಬ್ದವೇನೋ ಕೇಳಿಸಿತು. ಅವರು ಇಟ್ಟುಬಿಟ್ಟರು.

ಗಾಡಿ ಮತ್ತೆ ಹೊರಡುವಷ್ಟರಲ್ಲಿ ಮೇಷ್ಟ್ರ ಫೋನು ಬಡಿದುಕೊಂಡಿತು. ಕುಕ್ಕುವಾಡದಿಂದ ಉಚ್ಚೆಂಗೆಮ್ಮ.

"ಹೆಂಗೈತೋ ತಮ್ಮಾ? ಸಾಬರು ನೋಡಿದ್ರಾ?"

"ನೋಡಿದ್ರಕ್ಕ. ಆರಾಮಾತು. ನೆಟ್ಟಗಾತು."

"ನನ್ನ ತಂದೆ! ಏನ್ ಮಾಡಿದ್ರೋ?"

"ಬುಶ್ ಸವೆದಿತ್ತಂತೆ. ಬಿಚ್ಚಿ ಹೊಸದು ಹಾಕಿದ್ರು."

ಉಚ್ಚೆಂಗೆಮ್ಮ ದನಿ ತಗ್ಗಿಸಿ, ಪಕ್ಕದಲ್ಲಿ ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದಳು:

"ಬಿಚ್ಚುವಾಗ ಬಾಳ ನೋವಾತಾ?"

"ನನಗೇನೂ ಆಗ್ಲಿಲ್ಲ."

"ಹಂಗಾದ್ರೆ ಒಂದು ಮಾತು ಕೇಳಿ ನೋಡೋ. ನನ್ನ ಎರಡೂ ಮೊಣಕಾಲಿಗೆ ಹಾಕಿ ಕೊಡ್ತಾರೇನು?"

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಗುರುಶಾಂತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕಿಟಕಿಯ ಆಚೆ ತಿರುಗಿದ್ದರು.

"ಕೇಳ್ತೀನಕ್ಕ" ಎಂದರು ಮೇಷ್ಟ್ರು.